ಹುಂಜವೋ ಹೇಂಟೆಯೋ: ದೀಪಾವಳಿಯಿಂದ ಹೊಸತೊಡಕಿನವರೆಗೆ

ಹಾಸನದ ಕಡೆ ಕೋಳಿಮರಿ ಕೊಳ್ಳಲು ಬಂದವರು ಬಣ್ಣ ಕೇಳುವುದಿಲ್ಲ, ತಳಿಯನ್ನೂ ಅಷ್ಟಾಗಿ ಕೇಳುವುದಿಲ್ಲ. ಮೊದಲ ಪ್ರಶ್ನೆ, "ಇದ್ರಲ್ಲಿ ಹೇಂಟೆ ಎಷ್ಟವೆ?" ಹೇಂಟೆ ಇದ್ದರೆ ಮೊಟ್ಟೆ, ಮೊಟ್ಟೆ ಇದ್ದರೆ ಮತ್ತೆ ಮರಿ. ಹುಂಜ ಎಂಟು ಹತ್ತು ಹೇಂಟೆಗೆ ಒಂದಿದ್ದರೆ ಸಾಕು. ಜಾಸ್ತಿಯಾದರೆ ತಮ್ಮತಮ್ಮಲ್ಲೇ ಹೊಡೆದಾಡುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು ಬೋಳು ಮಾಡುತ್ತವೆ. ಹೆಣ್ಣೇ ಹುಟ್ಟಲಿ ಅಂತ ಮನೆಮಂದಿಯೆಲ್ಲ ಬೇಡಿಕೊಳ್ಳುವ ಜಾಗ ನಮ್ಮ ಕಡೆ ಕೋಳಿಗೂಡು ಒಂದೇ ಇರಬೇಕು.

ತೊಂದರೆ ಏನೆಂದರೆ, ಮರಿ ಚಿಕ್ಕದಿದ್ದಾಗ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಗೊತ್ತು ಅನ್ನುವವರಿಗೆ ಮಾತ್ರ ಬರವಿಲ್ಲ. ಹಾಗಾಗಿ ಈ ಸಲ ಒಂದು ಹಿಂಡನ್ನು ಮೊಟ್ಟೆಯಿಂದ ಹಿಡಿದು ಬೆಳೆಯುವವರೆಗೆ ಪಟ್ಟಾಗಿ ಕೂತು ನೋಡಿದೆ.

ನಮ್ಮ ಕರಿ ಹೇಂಟೆ ದೀಪಾವಳಿಗೆ ಮುಂಚೆ ಕಾವಿಗೆ ಕೂತಿತು. ಮಂಕರಿಗೆ ಹುಲ್ಲು ಹಾಸಿ ಅತ್ತೆ ಮೊಟ್ಟೆ ಆರಿಸಿದರು. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಮೊನೆ ಚೂಪಾಗಿದ್ದದ್ದು ಅಡುಗೆಮನೆಗೆ, ಗುಂಡಗಿದ್ದದ್ದು ಮಂಕರಿಗೆ. "ಮೊನೆಮೊಟ್ಟೆ ಹುಂಜ ಕಣಮ್ಮ, ಗುಂಡುಮೊಟ್ಟೆ ಹೇಂಟೆ" ಅಂದರು. ನಾನು ವಾದಕ್ಕೆ ಹೋಗಲಿಲ್ಲ. ಮೊಟ್ಟೆಗೆ ಆಕಾರ ಬರುವುದು ಕೋಳಿಯ ಅಂಡನಾಳದಲ್ಲಿ ಇಳಿಯುವಾಗ. ಒಂದು ಹೇಂಟೆ ಹೆಚ್ಚುಕಮ್ಮಿ ಒಂದೇ ಆಕಾರದ ಮೊಟ್ಟೆ ಇಡುತ್ತಾ ಹೋಗುತ್ತದೆ, ಆ ಮೊಟ್ಟೆಗಳಲ್ಲಿ ಹುಂಜವೂ ಹುಟ್ಟುತ್ತದೆ, ಹೇಂಟೆಯೂ ಹುಟ್ಟುತ್ತದೆ. ಕೋಳಿಯಲ್ಲಿ ಗಂಡೋ ಹೆಣ್ಣೋ ಅಂತ ತೀರ್ಮಾನ ಆಗುವುದು ತಾಯಿಯ ಕಡೆಯಿಂದ. ಹುಂಜಕ್ಕೆ ಎರಡೂ ಝಡ್ ಕ್ರೋಮೋಸೋಮ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ತಾಯಿ ಯಾವುದನ್ನು ಕೊಟ್ಟಿತೋ ಅದರ ಪ್ರಕಾರ ಮರಿ. ಮನುಷ್ಯರಲ್ಲಿ ಇದು ಉಲ್ಟಾ, ಅಪ್ಪನ ಕಡೆಯಿಂದ. ಆದರೂ ಹೆಣ್ಣು ಹೆತ್ತಳು ಅಂತ ಸೊಸೆಯನ್ನೇ ಬೈಯುವುದು, ಅದು ಬೇರೆ ವಿಷಯ.

21 ದಿನಕ್ಕೆ ಮರಿಗಳು ಹೊರಬಂದವು. ಅದೇ ಹೊತ್ತಿಗೆ ನಮ್ಮ ಯಜಮಾನರು ಮೂರು ಸ್ವರ್ಣಧಾರ ಮರಿ ತಂದಿದ್ದರು. ಅದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿ 2005ರಲ್ಲಿ ಬಿಡುಗಡೆ ಮಾಡಿದ ತಳಿ. ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟರೆ ದೊಡ್ಡದು, ಇದು 180 ದಾಟುತ್ತದೆ ಅನ್ನುತ್ತಾರೆ. ಕತ್ತಲಾದ ಮೇಲೆ ಅವನ್ನು ಒಂದೊಂದಾಗಿ ಕರಿ ಹೇಂಟೆಯ ರೆಕ್ಕೆ ಕೆಳಗೆ ತಳ್ಳಿದೆ. ಅದು ಒಮ್ಮೆ ಗುರ್ ಅಂತು, ಮೈ ಅಗಲ ಮಾಡಿ ಒಳಗೆ ಎಳೆದುಕೊಂಡಿತು. ಬೆಳಿಗ್ಗೆ ಅದಕ್ಕೆ ಸ್ವಂತದ್ದು, ತಂದದ್ದು ಅನ್ನುವ ಭೇದವೇ ಇರಲಿಲ್ಲ. ಹಗಲಲ್ಲಿ ಬಿಟ್ಟಿದ್ದರೆ ಕುಕ್ಕಿ ಓಡಿಸುತ್ತಿತ್ತು.

ಒಂದನ್ನು ಮುಂಗುಸಿ ಎತ್ತಿಕೊಂಡು ಹೋಯಿತು, ಎರಡು ಚಳಿಗೆ ಸತ್ತವು. ಉಳಿದದ್ದು ನಾಟಿ ನಾಲ್ಕು, ಸ್ವರ್ಣಧಾರ ಮೂರು. ಗುರುತಿಗೆ ಕಾಲಿಗೆ ಬಣ್ಣದ ದಾರ ಕಟ್ಟಿದೆ. ಕಾಲು ದಪ್ಪ ಆದಂತೆ ದಾರ ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಿರಬೇಕು, ಮರೆತರೆ ಮಾಂಸಕ್ಕೆ ಕಚ್ಚುತ್ತದೆ.

ಹುಟ್ಟಿದ ದಿನವೇ ಗಂಡು ಹೆಣ್ಣು ಹೇಳುವವರು ಇಲ್ಲವೇ ಇಲ್ಲ ಅಂತಲ್ಲ. ಮೊಟ್ಟೆ ಕೋಳಿಯ ದೊಡ್ಡ ಹ್ಯಾಚರಿಗಳಲ್ಲಿ ಅದೇ ಒಂದು ಕೆಲಸ. ಮರಿಯ ಹಿಂಭಾಗ ಒತ್ತಿ, ಹಿಕ್ಕೆ ತೆಗೆದು, ಒಳಗೆ ಗುಂಡುಸೂಜಿ ತಲೆಗಿಂತ ಚಿಕ್ಕ ಗುಬುಟು ಇದೆಯಾ ಅಂತ ನೋಡುತ್ತಾರೆ. ಜಪಾನಿನ ಮಸುಯಿ ಮತ್ತು ಹಾಶಿಮೊಟೊ 1920ರ ದಶಕದಲ್ಲಿ ಬೆಳಕಿಗೆ ತಂದ ವಿದ್ಯೆ ಇದು. ಪಳಗಿದ ಕೈ ಗಂಟೆಗೆ ಸಾವಿರದಷ್ಟು ಮರಿ ನೋಡಿ ಮುಗಿಸುತ್ತದೆ. ಕೆಲವು ಹೆಣ್ಣು ಮರಿಗಳಲ್ಲೂ ಗುಬುಟು ಕಾಣುತ್ತದೆ, ಕೆಲವು ಗಂಡಿನಲ್ಲಿ ಚಪ್ಪಟೆ ಇರುತ್ತದೆ, ಅದಕ್ಕೇ ವರ್ಷಗಟ್ಟಲೆ ಅಭ್ಯಾಸ ಬೇಕು. ಮನೆಯಲ್ಲಿ ಮಾಡಲು ಹೋದರೆ ಮರಿಯ ಕರುಳು ಹೊರಗೆ ಬರುತ್ತದೆ, ಅಷ್ಟೇ. ದಯವಿಟ್ಟು ಬೇಡ.

ಇನ್ನೆರಡು ದಾರಿ ಇವೆ. ಕಂದು ಮೊಟ್ಟೆಯ ಕೆಲವು ತಳಿಗಳಲ್ಲಿ ಕೆಂಪು ಹುಂಜಕ್ಕೆ ಬಿಳಿ ಹೇಂಟೆ ಕೂಡಿಸಿದರೆ ಹೆಣ್ಣು ಮರಿ ಕೆಂಚಾಗಿ, ಗಂಡು ಮರಿ ತೆಳು ಹಳದಿಯಾಗಿ ಹುಟ್ಟುತ್ತದೆ. ಇನ್ನು ಕೆಲವು ಮಿಶ್ರತಳಿಗಳಲ್ಲಿ ಮೊದಲ ದಿನ ರೆಕ್ಕೆ ಬಿಡಿಸಿದರೆ ಹೆಣ್ಣಿಗೆ ಕೆಳಸಾಲಿನ ಗರಿ ಮೇಲಿನದಕ್ಕಿಂತ ಉದ್ದ, ಗಂಡಿಗೆ ಎರಡೂ ಸಮ. ಇದನ್ನೇ ಕೇಳಿಕೊಂಡು ಬಂದು ನಾಟಿ ಮರಿಯ ರೆಕ್ಕೆ ಎಳೆದೆಳೆದು ನೋಡುವವರಿದ್ದಾರೆ. ಪ್ರಯೋಜನ ಇಲ್ಲ. ಬೇಗ ಗರಿ ಬರುವ ಹುಂಜ, ನಿಧಾನ ಗರಿ ಬರುವ ಹೇಂಟೆ ಅಂತ ಅಪ್ಪ ಅಮ್ಮನನ್ನು ಲೆಕ್ಕ ಹಾಕಿ ಕೂಡಿಸಿದ್ದರೆ ಮಾತ್ರ ಆ ಗುರುತು ಕೆಲಸ ಮಾಡುತ್ತದೆ. ನಮ್ಮ ಹಿತ್ತಿಲಲ್ಲಿ ಯಾವ ಹುಂಜ ಬೇಲಿ ಹಾರಿ ಬಂದಿತ್ತೋ ಯಾರಿಗೆ ಗೊತ್ತು!

ಅಂದಹಾಗೆ, ಸಂತೆಯಲ್ಲಿ ಪಿಂಕು, ಹಸಿರು ಬಣ್ಣ ಹಚ್ಚಿ ಡಬ್ಬದಲ್ಲಿ ಮಾರುವ ಮರಿಗಳನ್ನು ನೋಡಿರುತ್ತೀರಿ. ಹೆಚ್ಚಿನವು ಹೀಗೆ ಹ್ಯಾಚರಿಯಲ್ಲಿ ಬೇರೆ ಮಾಡಿ ಹಾಕಿದ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ತುಂಬುವುದಿಲ್ಲ, ಅದಕ್ಕೇ ಅಷ್ಟು ಅಗ್ಗ. ಮಕ್ಕಳು ಹಟ ಮಾಡಿದರೆ ಕೊಳ್ಳಿ, ಮೊಟ್ಟೆ ಆಸೆಗೆ ಕೊಳ್ಳಬೇಡಿ. ಜರ್ಮನಿಯಲ್ಲಿ ಇಂಥ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು 2022ರಿಂದ ನಿಲ್ಲಿಸಿದ್ದಾರೆ, ಈಗ ಅಲ್ಲಿ ಮೊಟ್ಟೆಯೊಳಗೇ ಗಂಡು ಹೆಣ್ಣು ನೋಡುವ ಯಂತ್ರಗಳು ಬಂದಿವೆ.

ಏಳನೇ ದಿನ ಕೊಕ್ಕರೆ ರೋಗ ಬಾರದಂತೆ ಲಸೋಟ ಅನ್ನುವ ಲಸಿಕೆಯ ಹನಿ ಹಾಕಬೇಕಿತ್ತು. ಒಂದೊಂದನ್ನೂ ಕೈಯಲ್ಲಿ ಹಿಡಿದು ಕಣ್ಣಿಗೆ ಹನಿ ಬಿಡುವಾಗ ಮೈಯನ್ನೂ ನೋಡಿಕೊಂಡೆ. ಆ ವಯಸ್ಸಿಗೆ ಕಾಣುವಂಥದ್ದೇನೂ ಇರಲಿಲ್ಲ. ಮೂರು ನಾಲ್ಕು ವಾರಕ್ಕೆ ಸ್ವಲ್ಪ ವ್ಯತ್ಯಾಸ ಶುರುವಾಯಿತು. ಎರಡು ಸ್ವರ್ಣಧಾರ ಮರಿಗೆ ಹೆಗಲು, ಬೆನ್ನು ಪುಕ್ಕದಿಂದ ಮುಚ್ಚಿ ಪುಟ್ಟ ಬಾಲವೂ ಬಂದಿತ್ತು. ಕೆಂಪು ದಾರದ್ದು ಬೆನ್ನು ಬೋಳು, ಬಾಲ ಬರೀ ಮೊಳಕೆ. ಒಂದೇ ತಳಿ, ಒಂದೇ ವಯಸ್ಸಿನ ಮರಿಗಳಲ್ಲಿ ತಡವಾಗಿ ಪುಕ್ಕ ಬರುವುದು ಸಾಮಾನ್ಯವಾಗಿ ಗಂಡು. ಪುಸ್ತಕದಲ್ಲಿ ಪೆನ್ಸಿಲಿನಿಂದ "ಹುಂ?" ಅಂತ ಬರೆದುಕೊಂಡೆ.

ಅತ್ತೆಯ ಲೆಕ್ಕವೇ ಬೇರೆ. ಅವರು ಮೂರೂ ಸ್ವರ್ಣಧಾರ ಹುಂಜ ಅಂತ ತೀರ್ಪು ಕೊಟ್ಟಾಗಿತ್ತು. "ಕಾಲು ನೋಡು, ಎಷ್ಟು ದಪ್ಪ ಅವೆ!" ಕಾಲು ದಪ್ಪ ಇದ್ದರೆ ಹುಂಜ ಅನ್ನುವುದು ಸುಳ್ಳಲ್ಲ, ಆದರೆ ಯಾವುದಕ್ಕೆ ಹೋಲಿಸಿ ದಪ್ಪ? ಸ್ವರ್ಣಧಾರ ಹೇಂಟೆಯ ಕಾಲೂ ನಾಟಿ ಹುಂಜದ ಕಾಲಿಗಿಂತ ದಪ್ಪ. ಬೇರೆ ಬೇರೆ ತಳಿ ಒಟ್ಟಿಗೆ ಮೇಯುವ ಹಿತ್ತಿಲಲ್ಲಿ ದೊಡ್ಡ ಮರಿಯೆಲ್ಲ ಹುಂಜದಂತೆ ಕಾಣುತ್ತದೆ. ಪಕ್ಕದ ಮನೆಯ ಅಕ್ಕ ಬೇಲಿ ಆಚೆಯಿಂದಲೇ ನೋಡಿ ಅತ್ತೆಯ ಪಕ್ಷ ವಹಿಸಿದರು.

ಆರನೇ ವಾರಕ್ಕೆ ಜುಟ್ಟು ಮಾತಾಡಲು ಶುರು ಮಾಡಿತು. ಕೆಂಪು ದಾರದ ಜುಟ್ಟು ಎದ್ದು ನಿಂತು ಗುಲಾಬಿ ಬಣ್ಣಕ್ಕೆ ತಿರುಗಿತು, ಗಲ್ಲದ ಕೆಳಗೂ ಕೆಂಪು ಚರ್ಮ ಜೋತುಬಿತ್ತು. ಉಳಿದೆರಡು ಸ್ವರ್ಣಧಾರಕ್ಕೆ ಜುಟ್ಟು ಇನ್ನೂ ತೆಳು, ಮಾಸಲು ಹಳದಿ. ನಾಟಿಯಲ್ಲಿ ಕರಿ ಮರಿ ಒಂದರದ್ದು ಹಾಗೇ ಕೆಂಪೇರಿತು. ಅಲ್ಲಿಗೆ ಎರಡು ಹುಂಜ ಖಾತ್ರಿ. ಈ ವಯಸ್ಸಿಗೇ ಜುಟ್ಟು ಢಾಳಾಗಿ ಕೆಂಪಾದರೆ ಅದು ಹುಂಜ, ಅನುಮಾನ ಬೇಡ. ಆದರೆ ಕೆಂಪಾಗಲಿಲ್ಲ ಅಂದಮಾತ್ರಕ್ಕೆ ಹೇಂಟೆ ಅಂತ ಹೇಳಲು ಬರುವುದಿಲ್ಲ. ನೀಲಿ ದಾರದ ನಾಟಿ ಮರಿಗೆ ಗರಗಸದಂಥ ಜುಟ್ಟೇ ಇರಲಿಲ್ಲ. ತಲೆಗೆ ಅಂಟಿಕೊಂಡು ಮೂರು ಸಾಲು ಸಣ್ಣ ಗುಬುಟು, ಅಷ್ಟೇ. ಅಸೀಲ್ ಜಾತಿಯ ರಕ್ತ ಎಲ್ಲೋ ಸೇರಿದ ಕೋಳಿಗಳಿಗೆ ಹೀಗಿರುತ್ತದೆ. ಈ ಬಗೆಯ ಜುಟ್ಟು ಹುಂಜದಲ್ಲೂ ಚಿಕ್ಕದಾಗೇ ಇರುತ್ತದೆ, ಬಣ್ಣವೂ ತಡ.

ಇಲ್ಲಿಂದ ಮುಂದೆ ವಿಷಯ ನಡವಳಿಕೆಗೆ ಬಂತು. ನನಗೆ ಹೇಳಬೇಕಾದ ಮುಖ್ಯ ಮಾತೂ ಇದೇ. ಮರಿಯ ಸ್ವಭಾವ ನೋಡಿ ಗಂಡು ಹೆಣ್ಣು ಹೇಳುವುದರಷ್ಟು ಸುಲಭ ಯಾವುದೂ ಅಲ್ಲ, ಅದರಷ್ಟು ಹುಸಿಯೂ ಯಾವುದೂ ಅಲ್ಲ.

ಹಳದಿ ದಾರದ ನಾಟಿ ಮರಿಗೆ ನನ್ನ ಮಗಳು ರೌಡಿ ಅಂತ ಹೆಸರಿಟ್ಟಿದ್ದಳು. ನುಚ್ಚು ಹಾಕಿದರೆ ಮೊದಲು ಬಾಯಿ ಹಾಕುವುದು ಅದು. ತನಗಿಂತ ಒಂದೂವರೆ ಪಟ್ಟು ದೊಡ್ಡದಿದ್ದ ಕೆಂಪು ದಾರದವನ ಎದುರು ಕತ್ತಿನ ಪುಕ್ಕ ಕೆದರಿ ನಿಂತು, ಎದೆಗೆ ಎದೆ ಗುದ್ದಿ, ಹಾರಿ ಕಾಲಲ್ಲಿ ಒದೆಯುತ್ತಿತ್ತು. ನನ್ನ ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ. ಬಂದವರೆಲ್ಲ, "ಇದು ಒಳ್ಳೆ ಹುಂಜ ಆಯ್ತದೆ" ಅನ್ನುವವರೇ. ಅತ್ತೆ ಅದನ್ನು ಹೊಸತೊಡಕಿಗೆ, ಅಂದರೆ ಯುಗಾದಿ ಮಾರನೇ ದಿನದ ಬಾಡೂಟಕ್ಕೆ, ಅಂತ ಆಗಲೇ ಗೊತ್ತು ಮಾಡಿದ್ದರು. ನೀಲಿ ದಾರದ್ದು ಇದಕ್ಕೆ ತದ್ವಿರುದ್ಧ. ಯಾರಾದರೂ ದುರುಗುಟ್ಟಿದರೆ ತಲೆ ತಗ್ಗಿಸಿ ದಾಸವಾಳದ ಗಿಡದ ಸಂದಿಗೆ ಹೋಗಿಬಿಡುತ್ತಿತ್ತು. "ಪಾಪದ ಹೇಂಟೆ" ಅಂತ ಎಲ್ಲರಿಗೂ ಅದರ ಮೇಲೆ ಕನಿಕರ.

ಜಗಳ ಆಡುವುದು ಗಂಡಿನ ಗುರುತು ಅಂತ ನಮ್ಮ ತಲೆಯಲ್ಲಿ ಕೂತಿದೆ. ಕೋಳಿಮರಿಗಳಲ್ಲಿ ಎಲ್ಲವೂ ಆಡುತ್ತವೆ. ಹಿಂಡಿನಲ್ಲಿ ಯಾರು ಯಾರಿಗೆ ಮೇಲು ಅಂತ ತೀರ್ಮಾನ ಆಗುವ ವಯಸ್ಸು ಅದು. ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬಾತ ಹುಡುಗನಾಗಿದ್ದಾಗಿಂದ ಕೋಳಿಗಳ ಮುಂದೆ ಕೂತು, ಯಾರು ಯಾರನ್ನು ಕುಕ್ಕುತ್ತಾರೆ ಅಂತ ಬರೆದುಕೊಂಡ. ದೊಡ್ಡವನಾಗಿ 1920ರ ದಶಕದ ಶುರುವಿನಲ್ಲಿ ಅದನ್ನು ಪ್ರಕಟಿಸಿದ. ಹೇಂಟೆಗಳಲ್ಲೂ ಮೇಲಿನವಳು ಕೆಳಗಿನವಳನ್ನು ಕುಕ್ಕುವ ಕಟ್ಟುನಿಟ್ಟಿನ ಸಾಲು ಇರುತ್ತದೆ ಅಂತ ತೋರಿಸಿದವನು ಅವನೇ. ಹಾಗಾಗಿ ಧೈರ್ಯ ಹೇಳುವುದು ಸಾಲಿನಲ್ಲಿ ಆ ಮರಿಯ ಜಾಗವನ್ನು. ಅದು ಹುಂಜವೋ ಹೇಂಟೆಯೋ ಅನ್ನುವುದನ್ನಲ್ಲ.

ಟವೆಲ್ ಎಸೆಯುವ ಪರೀಕ್ಷೆ ಅಂತ ಒಂದಿದೆ. ಮರಿಗಳ ಮೇಲೆ ಹಾರುವಂತೆ ಬಟ್ಟೆ ಎಸೆದರೆ ಹುಂಜ ಕತ್ತೆತ್ತಿ ನಿಲ್ಲುತ್ತದೆ, ಹೇಂಟೆ ನೆಲಕ್ಕೆ ಕವುಚಿಕೊಳ್ಳುತ್ತದೆ ಅಂತ. ಮಗಳಿಗೆ ಇದು ಒಳ್ಳೆ ಆಟ ಆಯಿತು. ಒಮ್ಮೆ ರೌಡಿ ಕತ್ತೆತ್ತಿ ನಿಂತಿತು, ಇನ್ನೊಮ್ಮೆ ಸ್ವರ್ಣಧಾರದ ಹೇಂಟೆಮರಿ. ಕೆಂಪು ದಾರದವನು, ಜುಟ್ಟು ಕೆಂಪಾಗಿದ್ದ ಖಾತ್ರಿ ಹುಂಜ, ಎಲ್ಲರಿಗಿಂತ ಮೊದಲು ಓಡಿಹೋದ. ಕೊನೆಗೆ ಯಾವುದೂ ಟವೆಲ್‌ಗೆ ಹೆದರದೆ ಅದರ ಅಂಚನ್ನೇ ಕುಕ್ಕಲು ಶುರು ಮಾಡಿದವು.

ನಿಜ ಹೇಳಿದ್ದು ಪುಕ್ಕ. ಸಂಕ್ರಾಂತಿ ಹೊತ್ತಿಗೆ, ಗೂಡಿಗೆ ಸೇರಿಸುವಾಗ ಟಾರ್ಚ್ ಹಿಡಿದು ಒಂದೊಂದರ ಸೊಂಟ ನೋಡಿದೆ. ಬಾಲ ಶುರುವಾಗುವ ಜಾಗದ ಎರಡೂ ಪಕ್ಕ, ರೆಕ್ಕೆ ತುದಿ ಬಂದು ಕೂರುವಲ್ಲಿ. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಬೆರಳಿಂದ ಪುಕ್ಕ ಬಿಡಿಸಬಹುದು. ಹೇಂಟೆಯ ಪುಕ್ಕ ಅಗಲ, ತುದಿ ಗುಂಡಗೆ, ಒಂದರ ಮೇಲೊಂದು ಒತ್ತಾಗಿ ಕೂತಿರುತ್ತದೆ. ಹುಂಜಕ್ಕೆ ಅಲ್ಲೇ ಹೊಸ ಪುಕ್ಕ ಮೂಡುತ್ತದೆ. ಸಪುರ, ಉದ್ದ, ತುದಿ ಚೂಪು, ಅಂಚಿನ ಎಳೆಗಳು ಬಿಡಿಬಿಡಿಯಾಗಿ ಬೆಳಕಿಗೆ ಮಿಂಚುತ್ತವೆ. ಮೊದಲಿಗೆ ಒಂದೆರಡೇ ಇರುತ್ತವೆ, ಹಳೆ ಪುಕ್ಕದ ಮಧ್ಯೆ ಹುಡುಕಬೇಕು. ಹತ್ತು ಹನ್ನೆರಡು ವಾರಕ್ಕೆ ಇವು ಕಾಣಲು ಶುರುವಾಗುತ್ತವೆ, ನಾಟಿಯಲ್ಲಿ ಒಂದೊಂದು ಸಲ ಇನ್ನೂ ಸ್ವಲ್ಪ ತಡ. ಒಮ್ಮೆ ಕಂಡವೋ, ಆಮೇಲೆ ಚರ್ಚೆಯೇ ಇಲ್ಲ.

ಕೆಂಪು ದಾರದ್ದು, ಕರಿಯದ್ದು, ಎರಡಕ್ಕೂ ಇತ್ತು. ರೌಡಿಯ ಸೊಂಟವನ್ನು ಎರಡೂ ಕಡೆ ನೋಡಿದೆ. ಎಲ್ಲವೂ ಗುಂಡು ತುದಿ. ನೀಲಿ ದಾರದ ಪಾಪದ ಹೇಂಟೆಯನ್ನು ಎತ್ತಿಕೊಂಡರೆ, ಕಂದು ಪುಕ್ಕದ ನಡುವಿಂದ ತಾಮ್ರದ ಬಣ್ಣದ ಮೂರು ಚೂಪು ಎಳೆ ಹೊರಗೆ ಇಣುಕುತ್ತಿದ್ದವು.

ಬೆಳಿಗ್ಗೆ ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ. "ಪುಕ್ಕ ನೋಡಿ ಹೇಳೋದಾದ್ರೆ ಕೋಳಿ ಯಾಕೆ ಕೂಗ್ಬೇಕು?" ಅಂದರು.

ಆಮೇಲೆ ನಡವಳಿಕೆಯಲ್ಲೂ ಒಂದು ಗುರುತು ಸಿಕ್ಕಿತು, ಆದರೆ ಎಲ್ಲರೂ ಹುಡುಕುವ ಜಾಗದಲ್ಲಿ ಅಲ್ಲ. ತಿಪ್ಪೆ ಪಕ್ಕದ ಒಣ ಬೆರಣಿ ಮಗುಚಿದರೆ ಕೆಳಗೆ ಗೆದ್ದಲು ಇರುತ್ತದೆ. ಕೋಳಿಗಳಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ರೌಡಿ ನುಗ್ಗಿ ಗಬಗಬ ನುಂಗಿತು. ನೀಲಿ ದಾರದ್ದು ಒಂದು ಗೆದ್ದಲು ಎತ್ತಿತು, ನುಂಗಲಿಲ್ಲ. ಕೆಳಗೆ ಹಾಕಿತು. ಮತ್ತೆ ಎತ್ತಿತು, ಮತ್ತೆ ಹಾಕಿತು, ತಲೆ ಮೇಲೆ ಕೆಳಗೆ ಆಡಿಸುತ್ತಾ ಬೇಗ ಬೇಗ ಕುಟ್ ಕುಟ್ ಕುಟ್ ಅಂತು. ಸ್ವರ್ಣಧಾರದ ಹೇಂಟೆಮರಿ ಓಡಿಬಂದು ಅದರ ಕೊಕ್ಕಿನ ಮುಂದಿಂದಲೇ ಗೆದ್ದಲು ತಿಂದುಕೊಂಡು ಹೋಯಿತು. ನೀಲಿ ದಾರದ್ದು ನೆಟ್ಟಗೆ ನಿಂತಿತು, ಖುಷಿಯಾದಂತೆ. ಬೆಳೆಯುತ್ತಿರುವ ಹುಂಜ ಮಾಡುವ ಕೆಲಸ ಇದು. ಮರಿಗಳನ್ನು ಕರೆಯಲು ತಾಯಿ ಕೋಳಿಯೂ ಹೀಗೆ ಮಾಡುತ್ತದೆ, ಆದರೆ ಮೊಟ್ಟೆಯನ್ನೇ ಇಡದ ಎಳೆ ಹೇಂಟೆ ತನ್ನ ಓರಗೆಯವರನ್ನು ಕರೆದು ತಿನ್ನಿಸುವುದನ್ನು ನಾನಂತೂ ಕಂಡಿಲ್ಲ. ಒಂದೊಂದು ಸಲ ಹುಂಜಗಳು ಬರೀ ಕಲ್ಲು ಚೂರನ್ನು ಎತ್ತಿಹಾಕಿ ಕರೆಯುವುದೂ ಉಂಟು. ಅದು ಮೋಸ ಅಂತ ನಾನು ಹೇಳಿದರೆ, ನಮ್ಮ ಯಜಮಾನರು "ಪಾಪ, ಪ್ರಯತ್ನ" ಅನ್ನುತ್ತಾರೆ.

ಇನ್ನೊಂದು ಗುರುತು ಸಿಗುವುದು ಹದ್ದು ಬಂದಾಗ. ಮೇಲೆ ನೆರಳು ಸುಳಿದರೆ ಒಂದು ಸದ್ದು, ತೆಳ್ಳಗೆ ಎಳೆದ ಸೀಟಿಯಂಥದ್ದು. ಬೆಕ್ಕೋ ನಾಯಿಯೋ ನೆಲದ ಮೇಲೆ ಬಂದರೆ ಬೇರೆ ಸದ್ದು, ಕಟ್ ಕಟ್ ಕಟಾಕ್ ಅಂತ ಊರಿಗೆಲ್ಲ ಕೇಳುವಂತೆ. ಮೊದಲನೆಯದಕ್ಕೆ ಎಲ್ಲವೂ ಗಿಡದ ಕೆಳಗೆ ಮಾಯ, ಎರಡನೆಯದಕ್ಕೆ ಎಲ್ಲವೂ ಕತ್ತೆತ್ತಿ ನೋಡುತ್ತವೆ. ಆಕಾಶದ ಸೀಟಿ ಹಾಕುವುದು ಬಹುಪಾಲು ಹುಂಜ, ಅದರಲ್ಲೂ ಪಕ್ಕದಲ್ಲಿ ಹೇಂಟೆ ಇದ್ದಾಗ. ನಮ್ಮಲ್ಲಿ ಕರಿಯ, ಕೆಂಪು ದಾರದವನು ಇಬ್ಬರೂ ಕೂಗುತ್ತಿದ್ದರು. ಶಿವರಾತ್ರಿ ಹತ್ತಿರ ಬಂದಾಗ ನೀಲಿ ದಾರದ್ದೂ ದಾಸವಾಳದ ಸಂದಿಯಿಂದ ಸೀಟಿ ಹಾಕಿತು. ರೌಡಿ ಅಷ್ಟು ದಿನದಲ್ಲಿ ಒಮ್ಮೆಯೂ ಹಾಕಲಿಲ್ಲ. ಹದ್ದು ಬಂದರೆ ಎಲ್ಲರಿಗಿಂತ ಮೊದಲು ಗಿಡದ ಕೆಳಗೆ.

ಕೂಗಿನ ವಿಷಯ. ಕೆಂಪು ದಾರದವನು ಮೂರು ತಿಂಗಳಿಗೆಲ್ಲ ಗಂಟಲು ಕಟ್ಟಿದ ಹಾಗೆ ಕು-ಕ್ಕೂ-ಕ್ ಅಂತ ಅರ್ಧಕ್ಕೆ ನಿಲ್ಲಿಸುತ್ತಿದ್ದ. ಎಣ್ಣೆ ಕಾಣದ ಹ್ಯಾಂಡ್‌ಪಂಪ್ ಎಳೆದಂತೆ ಇರುತ್ತಿತ್ತು. ಆಮೇಲೆ ಕರಿಯ ಕಲಿತ. ನೀಲಿ ದಾರದ್ದು ಕೂಗಲೇ ಇಲ್ಲ. ಅತ್ತೆಯ ಅನುಮಾನ ಗಟ್ಟಿಯಾಗಿದ್ದು ಅದರಿಂದಲೇ. ಹುಂಜಗಳು ಕೂಗುವುದು ಒಳಗಿನ ಗಡಿಯಾರದಿಂದ ಅಂತ ಜಪಾನಿನ ನಾಗೋಯ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದರು. 2015ರಲ್ಲಿ ಅವರೇ ಇನ್ನೊಂದು ಹೇಳಿದರು. ಹಿಂಡಿನಲ್ಲಿ ಮೇಲಿನ ಹುಂಜ ಮೊದಲು ಕೂಗುತ್ತದೆ, ಉಳಿದವು ಸಾಲಿನ ಪ್ರಕಾರ ಕಾದು ಕೂಗುತ್ತವೆ. ಅಂದರೆ ಕೆಳಗಿನವನ ಪಾಳಿ ಕೊನೆಗೆ. ನೀಲಿ ದಾರದ್ದು ತಲೆ ಎತ್ತಿದರೇ ಒದೆ ಬೀಳುತ್ತಿತ್ತು, ಇನ್ನು ಕೂಗುವುದೆಲ್ಲಿ ಬಂತು? ಕೂಗಿದ್ದು ಹುಂಜ ಅನ್ನುವುದು ಸರಿ. ಕೂಗದ್ದು ಹೇಂಟೆ ಅನ್ನುವುದು ಸರಿಯಲ್ಲ.

ಕೂಗುವ ಹೇಂಟೆಯೂ ಅಪರೂಪಕ್ಕೆ ಇರುತ್ತದೆ. ಹೇಂಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ರೋಗದಿಂದ ಅದು ಕೆಟ್ಟರೆ ಮೈಯಲ್ಲಿ ಹುಂಜದ ಲಕ್ಷಣ ಬರುತ್ತದೆ, ಜುಟ್ಟು ಬೆಳೆಯುತ್ತದೆ, ಕೂಗುತ್ತದೆ. ಹೇಂಟೆ ಕೂಗಿದರೆ ಮನೆಗೆ ಆಗಿಬರುವುದಿಲ್ಲ ಅಂತ ಹಿರಿಯರು ತಕ್ಷಣ ಕೊಯ್ದುಬಿಡುತ್ತಿದ್ದರು. ಮೊಟ್ಟೆಯಂತೂ ನಿಂತಿರುತ್ತದೆ, ಹಾಗಾಗಿ ಯಾರಿಗೂ ನಷ್ಟ ಅನ್ನಿಸುತ್ತಿರಲಿಲ್ಲ.

ಯುಗಾದಿ ಬಂತು. ಮಾರನೇ ದಿನ ಹೊಸತೊಡಕು. ನಮ್ಮ ಕಡೆ ವರ್ಷದಲ್ಲಿ ನಾಟಿ ಹುಂಜಕ್ಕೆ ಅಷ್ಟು ಬೆಲೆ ಬರುವುದು ಆಗಲೇ, ಬೆಳಕು ಹರಿಯುವ ಮುಂಚೆ ಬಾಗಿಲಿಗೆ ಬರುತ್ತಾರೆ. ಕರಿಯ ಮೊದಲು ಹೋಯಿತು, ಒಳ್ಳೆ ರೇಟಿಗೆ. ಅತ್ತೆ ರೌಡಿಯನ್ನು ಹಿಡಿಯಲು ಮಂಕರಿ ತೆಗೆದುಕೊಂಡು ಹೊರಟರು. ನಾನು ರೌಡಿಯ ಬೆನ್ನ ಮೇಲೆ ಕೈ ಇಟ್ಟೆ. ಅದು ಓಡಲಿಲ್ಲ. ರೆಕ್ಕೆ ಸ್ವಲ್ಪ ಅಗಲ ಮಾಡಿ, ಕಾಲು ಊರಿ, ನೆಲಕ್ಕೆ ಕುಕ್ಕರಿಸಿತು. ಮೊಟ್ಟೆಗೆ ಹತ್ತಿರವಾದ ಹೇಂಟೆ ಮಾತ್ರ ಹೀಗೆ ಕೂರುತ್ತದೆ. ಅತ್ತೆ ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ರೌಡಿಯನ್ನು ತಿರುಗಿಸಿ ಬಾಲದ ಕೆಳಗಿನ ಎರಡು ಎಲುಬಿನ ನಡುವೆ ಬೆರಳಿಟ್ಟು ನೋಡಿದರು. ಎಳೆ ಕೋಳಿಗೆ ಅಲ್ಲಿ ಒಂದು ಬೆರಳು ಕಷ್ಟಕ್ಕೆ ಹಿಡಿಸುತ್ತದೆ. ಮೊಟ್ಟೆ ಇಡುವ ಹೊತ್ತಿಗೆ ಎರಡು ಮೂರು ಬೆರಳು ಹಿಡಿಸುತ್ತದೆ. ಏನೂ ಮಾತಾಡದೆ ರೌಡಿಯನ್ನು ಕೆಳಗೆ ಬಿಟ್ಟು, ಕೆಂಪು ದಾರದವನ ಹಿಂದೆ ಮಂಕರಿ ಹಿಡಿದು ಹೋದರು.

ಹಿಂಡಿಗೆ ಹುಂಜ ಅಂತ ನೀಲಿ ದಾರದ್ದನ್ನೇ ಉಳಿಸಿಕೊಂಡೆವು. ಮೇಲಿನವರಿಬ್ಬರೂ ಹೋದ ಮೇಲೆ, ಆ ವಾರವೇ ಅದು ಬೇಲಿಗಂಬ ಹತ್ತಿ ಕೂಗಲು ಶುರು ಮಾಡಿತು, ಗಂಟಲು ಸರಿಯಾಗಿಯೇ ಇತ್ತು. ರೌಡಿ ಈಗಲೂ ಅದನ್ನು ನುಚ್ಚಿನ ಹತ್ತಿರ ಬರಲು ಬಿಡುವುದಿಲ್ಲ.

ಪಕ್ಕದ ಮನೆಯ ಅಕ್ಕ ಮೊನ್ನೆ ಬಂದಿದ್ದರು. ಕರಿ ಹೇಂಟೆ ಮತ್ತೆ ಕಾವಿಗೆ ಕೂತಿರುವುದು ನೋಡಿ, "ಈ ಸಲ ನಂಗೆ ಎರಡು ಹೇಂಟೆಮರಿ ಬೇಕು, ಈಗ್ಲೇ ಹೇಳ್ಬಿಡ್ತೀನಿ" ಅಂದರು. ಮರಿಗೆ ಮೂರು ತಿಂಗಳು ತುಂಬಲಿ ಅಕ್ಕ, ಆಮೇಲೆ ಟಾರ್ಚ್ ತಗೊಂಡು ಬನ್ನಿ ಅಂದೆ.